ಕೆಜಿಯಾ ಹಾಕದೆ ಬಿಟ್ಟ ಸಿಳ್ಳೆ

ಒಲೆ ಹಚ್ಚುವ ಮುಂಚೆ ಕೆಜಿಯಾ ಹಾಕಿನ್ ಬಾಗಿಲು ತೆರೆದು, ಮೂರು ಮೆಟ್ಟಿಲಿಳಿದು, ಬಲಗೈಯ ತೋರುಬೆರಳನ್ನು ಬಾಯಲ್ಲಿ ಒದ್ದೆ ಮಾಡಿಕೊಂಡು ತಲೆಯ ಮೇಲಕ್ಕೆ ಎತ್ತಿ ಹಿಡಿಯುತ್ತಿದ್ದಳು. ಬೆರಳಿನ ಯಾವ ಮಗ್ಗುಲು ಮೊದಲು ತಣ್ಣಗಾಗುತ್ತದೋ ಗಾಳಿ ಆ ಕಡೆಯದು. ಅಷ್ಟು ತಿಳಿದುಕೊಂಡು ಒಳಗೆ ಹೋಗುತ್ತಿದ್ದಳು. ಜ್ವರ ಬಂದ ದಿನವೂ, ಹಿಮ ಬಿದ್ದು ಮೆಟ್ಟಿಲು ಜಾರುವ ದಿನವೂ ಇದು ತಪ್ಪಿದ್ದಿಲ್ಲ. ನೀರಿಗೆ ಹೊರಟ, ಕಡಲ ದಂಡೆಯ ಪೊಲ್ರುವಾನ್ ಊರಿನ ಹೆಂಗಸರು, "ಏನಂತೆ ಕೆಜಿಯಕ್ಕಾ, ಇವತ್ತು ಗಾಳಿ ಯಾವ ಕಡೆ?" ಎಂದು ಕೇಳುತ್ತಿದ್ದರು.

"ಇದೆಯಮ್ಮ, ಗಾಳಿ ಇದೆ" ಎನ್ನುತ್ತಿದ್ದಳು. ಯಾವ ಕಡೆಯದೆಂದು ಹೇಳುತ್ತಿರಲಿಲ್ಲ.

ಅವಳಿಗೆ ದೋಣಿಯಿರಲಿಲ್ಲ, ಕಡಲಿಗೆ ಹೋಗುವ ಗಂಡಸರೂ ಮನೆಯಲ್ಲಿರಲಿಲ್ಲ. ಮೀನಿನ ಕಾಲದಲ್ಲಿ ಬೇರೆ ಹೆಂಗಸರ ಜೊತೆ ನೆಲಮಾಳಿಗೆಯಲ್ಲಿ ಕುಳಿತು ಬೂತಾಯಿಯಂಥ ಸಣ್ಣ ಮೀನನ್ನು ಒಂದು ಸಾಲು ಮೀನು, ಒಂದು ಸಾಲು ಉಪ್ಪು ಎಂದು ಜೋಡಿಸುವುದು ಅವಳ ಕೆಲಸ. ಉಪ್ಪು ತಿಂದು ತಿಂದು ಬೆರಳ ತುದಿಗಳು ಒಡೆದಿದ್ದವು. ತೋರುಬೆರಳನ್ನು ಮಾತ್ರ ಕುರಿಕೊಬ್ಬು ಸವರಿ ಜೋಪಾನ ಮಾಡಿಕೊಂಡಿದ್ದಳು.

ಚಿಕ್ಕಂದಿನಲ್ಲಿ ಅವಳಷ್ಟು ಚೆನ್ನಾಗಿ ಸಿಳ್ಳೆ ಹಾಕುವವರು ಆ ದಂಡೆಯಲ್ಲೇ ಇರಲಿಲ್ಲ. ಎರಡು ಬೆರಳನ್ನು ನಾಲಗೆಯಡಿ ಇಟ್ಟು ಊದಿದರೆ ಹೊಳೆಯಾಚೆಯ ನಾಯಿಗಳು ಕಿವಿ ನಿಮಿರಿಸುತ್ತಿದ್ದವು. ಒಂಬತ್ತನೆಯ ವರ್ಷದಲ್ಲಿ ಒಂದು ಸಂಜೆ, ಮೀನಿನ ದೋಣಿಗಳು ಹೊರಡುವ ಹೊತ್ತಿಗೆ ಸರಿಯಾಗಿ ಕಟ್ಟೆಯ ಮೇಲೆ ನಿಂತು ಹಾಗೆ ಊದಿಬಿಟ್ಟಳು. ಹೆಂಗಸು ಸಿಳ್ಳೆ ಹಾಕಿದರೆ ಬಿರುಗಾಳಿ ಏಳುತ್ತದೆ ಎನ್ನುವುದು ಆ ಊರಿನಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿದ್ದ ಮಾತು. ಗಾಳಿ ಎದ್ದಿತು. ಒಂದು ದೋಣಿ ಮತ್ತು ಅದರಲ್ಲಿದ್ದ ನಾಲ್ವರು ಹಿಂದಿರುಗಲಿಲ್ಲ. ಆ ಇಡೀ ಚಳಿಗಾಲ ಬಾವಿಯ ಹತ್ತಿರ ಅವಳ ತಾಯಿಯನ್ನು ಯಾರೂ ಮಾತಾಡಿಸಲಿಲ್ಲ.

ಅವಳ ಅಪ್ಪ ಜೋಡು ಹೊಲಿಯುವವನು. ಭಾನುವಾರ ಮೆಥೋಡಿಸ್ಟರ ಪ್ರಾರ್ಥನಾಮಂದಿರದಲ್ಲಿ ನಿಂತು ನಾಲ್ಕು ಒಳ್ಳೆಯ ಮಾತು ಹೇಳುತ್ತಿದ್ದ. ಅಳುತ್ತಿದ್ದ ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ.

"ಗಾಳಿ ದೇವರ ಕೈಲಿದೆ ಮಗೂ. ಅದೇನು ನಾಯೀನಾ, ನೀನು ಸಿಳ್ಳೆ ಹಾಕಿದ ಕೂಡ್ಲೇ ಬಾಲ ಅಲ್ಲಾಡಿಸ್ಕೊಂಡು ಬರೋಕೆ?"

"ಹಾಗಾದ್ರೆ ಹಾಕಬಹುದಾ ಅಪ್ಪಾ?"

ಅವನು ದಾರಕ್ಕೆ ಮೇಣ ತಿಕ್ಕಿದ. "ಬೇಡ. ಹಾಕ್ದೆ, ಗಾಳಿ ಬಂತು ಅಂದ್ಕೋ. ನಾನೇ ಕರೆದೆ ಅನ್ಸತ್ತೆ. ಆ ಭಾರ ಹೊರೋಕಾಗಲ್ಲ ಕಣೆ, ಮನುಷ್ಯರ ಕೈಲಿ ಆಗಲ್ಲ."

ಅವಳು ಅಪ್ಪನ ಕೈ ಮುಟ್ಟಿ ಮಾತು ಕೊಟ್ಟಳು. ಆಮೇಲೆ ಸಿಳ್ಳೆ ಹಾಕಲಿಲ್ಲ.

ಇಪ್ಪತ್ತೆರಡರಲ್ಲಿ ಡಿಗೋರಿ ಹಾಕಿನ್‌ನನ್ನು ಮದುವೆಯಾದಳು. ಅವನು ನೌಕಾಪಡೆಯಲ್ಲಿ ಫಿರಂಗಿಗಳ ಉಸ್ತುವಾರಿ ನೋಡುವವನು, ನಿಧಾನದ ಮನುಷ್ಯ. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಒಂದು ಪೈಪು ಹೊಗೆಸೊಪ್ಪು ಸೇದಬಹುದಿತ್ತು. ಒಂದು ಹೆಣ್ಣುಮಗು ಹುಟ್ಟಿ, ಗಂಟಲುಬೇನೆಯಲ್ಲಿ ಹೋಯಿತು. ಖಾಲಿ ತೊಟ್ಟಿಲ ಜೊತೆ ಒಬ್ಬಳೇ ಇರಲಾರೆನೆಂದು ಕೆಜಿಯಾ ಮನೆಗೆ ಬೀಗ ಹಾಕಿ ಗಂಡನ ಹಿಂದೆ ಹಡಗು ಹತ್ತಿದಳು. ಫಿರಂಗಿಯವನು, ಬಡಗಿ ಇಂಥವರು ಹೆಂಡತಿಯನ್ನು ಜೊತೆಗಿಟ್ಟುಕೊಳ್ಳುವುದಕ್ಕೆ ಅಧಿಕಾರಿಗಳು ಕಣ್ಣು ಮುಚ್ಚಿಕೊಳ್ಳುತ್ತಿದ್ದ ಕಾಲ. ಹಡಗಿನ ಪಟ್ಟಿಯಲ್ಲಿ ಅವಳ ಹೆಸರಿಲ್ಲ. ಊಟ ಗಂಡನ ಪಾಲಿನಲ್ಲೇ. ಅಂಗಿ ಒಗೆಯುವುದು, ಗಾಯಕ್ಕೆ ಬಟ್ಟೆ ಸುತ್ತುವುದು, ಜ್ವರ ಬಂದವರಿಗೆ ಗಂಜಿ ಕುಡಿಸುವುದು ಅವಳ ಪಾಲಿಗೆ ಬಂತು. ಹುಡುಗರೆಲ್ಲ ಅವಳನ್ನು ಫಿರಂಗಿಯಮ್ಮ ಎಂದು ಕರೆದರು.

ಹಡಗಿನ ಹೆಸರು ಡಾಬ್‌ಚಿಕ್, ಅಂದರೆ ನೀರಿನಲ್ಲಿ ಮುಳುಗೇಳುವ ಗುಳುಮುಳುಕ ಹಕ್ಕಿ. ಫ್ರೆಂಚರ ಜೊತೆಗಿನ ಯುದ್ಧದ ಅವಸರದಲ್ಲಿ ಒಂದೇ ಬೇಸಿಗೆಯಲ್ಲಿ ಹಸಿ ಮರದಿಂದ ಕಟ್ಟಿ ನೀರಿಗೆ ಇಳಿಸಿದ್ದು. ಹಾಯಿ ಕಟ್ಟುವ ಕೂವೆಮರ ಎರಡು, ಐವತ್ತು ಜನ. ಎರಡು ಮಗ್ಗುಲಿಗೂ ಐದೈದು ಮೋಟು ಫಿರಂಗಿ. ಹತ್ತಿರ ಬಂದವರನ್ನು ಚಿಂದಿ ಮಾಡುತ್ತಿದ್ದವು, ದೂರ ನಿಂತವರನ್ನು ಮುಟ್ಟುತ್ತಿರಲಿಲ್ಲ. ಮೂತಿಯಲ್ಲಿ ದೂರಕ್ಕೆ ಹೊಡೆಯುವ ಎರಡು ಉದ್ದ ಫಿರಂಗಿ. ಹಿಂಬದಿಯಲ್ಲಿ ಲೆಫ್ಟಿನೆಂಟನ ಕೋಣೆಯ ಗಾಜಿನ ಕಿಟಕಿ ಬಿಟ್ಟರೆ ಏನೂ ಇಲ್ಲ.

"ಈ ಹೆಸರಿಟ್ಟವನ ಹೊಟ್ಟೆ ತಣ್ಣಗಿರ್ಲಿ" ಎನ್ನುತ್ತಿದ್ದ ಹಾಯಿಗಳ ಮೇಸ್ತ್ರಿ ಜೇಬೆಜ್ ಟ್ರಸ್ಕಾಟ್. "ಇನ್ನೂ ಬಂದರು ಬಿಟ್ಟಿಲ್ಲ, ಆಗ್ಲೇ ಅರ್ಧ ಮುಳುಗಿದೀವಿ."

ಜೇಬೆಜನೂ ಪೊಲ್ರುವಾನಿನವನೇ. ಕೆಜಿಯಾಳ ಬಾಲ್ಯದ ಸಿಳ್ಳೆಯ ಕತೆ ಹಡಗಿನಲ್ಲಿ ಗೊತ್ತಿದ್ದದ್ದು ಅವನೊಬ್ಬನಿಗೆ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಮೂರು ವರ್ಷ ಗುಳುಮುಳುಕ ಸರಕಿನ ಹಡಗುಗಳ ಹಿಂದೆ ಕುರಿ ಕಾಯುವ ನಾಯಿಯಂತೆ ಓಡಾಡಿತು. ಫ್ರೆಂಚರ ದಂಡೆಯೆದುರು ಎರಡು ಚಳಿಗಾಲ ನಿಂತು ಆಲಿಕಲ್ಲಿನ ಮಳೆ ತಿಂದಿತು. ಅಷ್ಟು ದಿನದಲ್ಲಿ ಅದು ಹಿಡಿದದ್ದು ಒಂದೇ ಒಂದು ಶತ್ರು ದೋಣಿ. ಅದರ ತುಂಬ ಈರುಳ್ಳಿ. ಒಂದೂವರೆ ತಿಂಗಳು ಐವತ್ತು ಜನರ ಬಾಯಿಯೂ ಈರುಳ್ಳಿ ನಾರಿತು. ಪಕ್ಕದಲ್ಲಿ ಹಾದುಹೋಗುವ ದೊಡ್ಡ ಯುದ್ಧನೌಕೆಯವರು ಮೂಗು ಹಿಡಿದುಕೊಂಡು, "ಏಯ್ ಈರುಳ್ಳಿ ಪಡೆ, ಗಾಳಿಗೆ ಅಡ್ಡ ನಿಲ್ಲಬೇಡ್ರೋ!" ಎಂದು ಕೂಗುತ್ತಿದ್ದರು. ಕೆಜಿಯಾ ನಗುತ್ತಿದ್ದಳು. ಮಗು ಹೋದ ಮೇಲೆ ಮೊದಲ ಸಲ ಅವಳು ನಕ್ಕದ್ದು ಆ ಈರುಳ್ಳಿಯ ಮೇಲೆ.

ನಾಲ್ಕನೆಯ ವಸಂತದಲ್ಲಿ, ಫ್ರೆಂಚರ ಪಕ್ಷ ಸೇರಿದ್ದ ಡೇನರ ದೇಶದ ಇಕ್ಕಟ್ಟಿನ ಕಡಲಿಗೆ ಅಪ್ಪಣೆಯಾಯಿತು. ಆ ಸಂಜೆ ಡಿಗೋರಿ ಹೆಂಡತಿಯ ಮುಂದೆ ಊಟದ ಹಲಗೆಯ ಮೇಲೆ ಒಂದು ಬಿಸ್ಕತ್ತು ಇಟ್ಟ.

"ನೋಡು ಕಿಜ್ಜಿ, ಇದು ನಾವು." ತಟ್ಟೆಯಿಂದ ಒಂದು ಬಟಾಣಿ ತೆಗೆದು ಬಿಸ್ಕತ್ತಿನ ಹಿಂದೆ ಇಟ್ಟ. "ಇದು ಡೇನರ ದೋಣಿ. ಹಾಯಿ ಬೇಡ ಅವಕ್ಕೆ, ಅರವತ್ತು ಜನ ಕೂತು ಹುಟ್ಟು ಹಾಕ್ತಾರೆ. ಒಂದೊಂದ್ರಲ್ಲೂ ಒಂದು ಉದ್ದ ಫಿರಂಗಿ. ಗಾಳಿ ಇದ್ರೆ ನಮ್ಮ ಹತ್ರ ಸುಳಿಯಲ್ಲ. ಗಾಳಿ ನಿಂತ್ರೆ, ಇಲ್ಲಿ ಬಂದು ನಿಂತ್ಕೊಂಡು ಹೊಡೀತಾರೆ."

"ನಾವು ತಿರುಗಿ ನಿಂತ್ರೆ?"

"ಗಾಳಿ ಇಲ್ದೆ ಹೇಗೆ ತಿರುಗ್ತೀಯ? ಉದ್ದ ಹುಟ್ಟು ಹಾಕಿ ನಾವು ಅರ್ಧ ತಿರುಗೋದ್ರೊಳಗೆ ಅವರು ಮತ್ತೆ ಹಿಂದೆ ಬಂದಿರ್ತಾರೆ." ಅವನು ಬಟಾಣಿಯನ್ನು ಬಾಯಿಗೆ ಹಾಕಿಕೊಂಡ. "ಹೀಗೆ ತಿನ್ನೋ ಹಾಗಿದ್ದಿದ್ರೆ ಚೆನ್ನಾಗಿತ್ತು."

ಅಂದಿನಿಂದಲೇ ಕೆಜಿಯಾ ಬೆಳಗ್ಗೆ ಎದ್ದ ಕೂಡಲೇ ಬೆರಳು ಒದ್ದೆ ಮಾಡಿ ಹಿಡಿಯುವುದನ್ನು ರೂಢಿ ಮಾಡಿಕೊಂಡಳು.

ಡಿಗೋರಿ ಹಡಗುಕಟ್ಟೆಯ ಗುಮಾಸ್ತನ ಬಳಿಗೆ ಮೂರು ಸಲ ಹೋದ. ಮೂತಿಯ ಉದ್ದ ಫಿರಂಗಿಯೊಂದನ್ನು ಬೇಕೆಂದಾಗ ಹಿಂದಕ್ಕೆ ತಂದು ಕಟ್ಟಲು ಹಿಂಬದಿಯ ಮರಕ್ಕೆ ಎರಡು ಕಬ್ಬಿಣದ ಬಳೆ ಜಡಿದುಕೊಟ್ಟರೆ ಸಾಕಿತ್ತು. ಗುಮಾಸ್ತ ತಲೆಯೆತ್ತದೆ, "ಹಿಂದುಗಡೆ ಫಿರಂಗಿ ಬೇಕಾಗೋದು ಬೆನ್ನು ತೋರಿಸಿ ಓಡೋರಿಗೆ. ನೀವೇನು ಓಡೋಕೆ ಹೋಗ್ತಿದೀರಾ?" ಎಂದ. ಮೂರನೆಯ ಸಲ ಅಷ್ಟನ್ನೂ ಹೇಳಲಿಲ್ಲ, ಬಾಗಿಲು ತೋರಿಸಿದ.

ಹಡಗಿನ ಮುಖ್ಯಸ್ಥ ಲೆಫ್ಟಿನೆಂಟ್ ಆಶ್‌ಕೋಂಬ್ ಎರಡು ದಿನ ದಡಕ್ಕೆ ಹೋಗಿದ್ದಾಗ ಡಿಗೋರಿ ಒಡೆದ ಹಡಗೊಂದರಿಂದ ಎರಡು ಬಳೆ ತಂದು, ಲೆಫ್ಟಿನೆಂಟನ ಕೋಣೆಯ ಬೀರುವಿನ ಮರೆಯಲ್ಲಿ ತಾನೇ ಜಡಿದ. ಸುತ್ತಿಗೆಯ ಸದ್ದು ಕೇಳದಿರಲೆಂದು ಕೆಜಿಯಾ ಬಾಗಿಲಲ್ಲಿ ಅಂಗಿ ಹೊಲಿಯುತ್ತಾ ಕುಳಿತು ಗಟ್ಟಿಯಾಗಿ ಕೀರ್ತನೆ ಹಾಡಿದಳು. ನ್ಯಾಯವಾಗಿ ಆ ಬಳೆಗಳಿಗೆ ಹಿಂದಿನಿಂದ ದಪ್ಪ ತೊಲೆಯ ಒತ್ತು ಕೊಡಬೇಕು. ಅದಕ್ಕೆ ಗೋಡೆ ಬಿಚ್ಚಬೇಕು, ಗೋಡೆ ಬಿಚ್ಚಲು ಅಪ್ಪಣೆ ಬೇಕು. ಬರಿಯ ಹಲಗೆಗೇ ಜಡಿದು ಅವನು ಹೊರಗೆ ಬಂದ.

"ತಡೆಯತ್ತಾ?" ಎಂದಳು ಕೆಜಿಯಾ.

"ನಾಲ್ಕು ಸಲ ಹೊಡೆಯೋವರೆಗೆ ತಡೀಬಹುದು. ಅಷ್ಟರಲ್ಲಿ ದೇವರಿಗೂ ಕೇಳಿಸಿರತ್ತೆ."

ಜೂನ್ ತಿಂಗಳ ಆ ಬೆಳಗ್ಗೆ ಅವಳ ಬೆರಳಿಗೆ ಪಶ್ಚಿಮದ ಗಾಳಿ ತಾಗಿತ್ತು. ಎಪ್ಪತ್ತು ಸರಕಿನ ಹಡಗುಗಳು ಮುಂದೆ, ಎಲ್ಲಕ್ಕಿಂತ ನಿಧಾನವಾದ, ಸೆಣಬು ಹೊತ್ತ ಹಡಗಿಗೆ ಕಾವಲಾಗಿ ಗುಳುಮುಳುಕ ಕೊನೆಯಲ್ಲಿ. ಹತ್ತು ಗಂಟೆಗೆ ಗಾಳಿ ಬಡವಾಯಿತು, ಹನ್ನೊಂದಕ್ಕೆ ಸತ್ತಿತು. ಹಾಯಿಗಳು ಒಗೆದು ಹಾಕಿದ ಬಟ್ಟೆಯಂತೆ ಜೋತುಬಿದ್ದವು. ಚುಕ್ಕಾಣಿ ಹಿಡಿದವನು ಕೈಬಿಟ್ಟು ನಿಂತ. ತಿರುಗಿಸಿದರೂ ಒಂದೇ, ಬಿಟ್ಟರೂ ಒಂದೇ. ದಂಡೆಯ ಕಡೆಯಿಂದ ಹದಿನಾಲ್ಕು ದೋಣಿಗಳು ಸಾಲಾಗಿ ಹೊರಟದ್ದು ಬರಿಗಣ್ಣಿಗೇ ಕಾಣುತ್ತಿತ್ತು.

ಹಡಗಿನಲ್ಲಿ ಯಾರೂ ಸಿಳ್ಳೆ ಹಾಕುವಂತಿಲ್ಲ. ಗಾಳಿ ಪೂರ್ತಿ ಸತ್ತಾಗ ಮಾತ್ರ, ಎಲ್ಲರಿಗಿಂತ ಹಳಬನೊಬ್ಬ ಕೂವೆಮರಕ್ಕೆ ಚಾಕು ಚುಚ್ಚಿ ಹಲ್ಲಿನ ಸಂದಿಯಲ್ಲಿ ಮೆಲ್ಲಗೆ ಊದಬಹುದು. ಜೇಬೆಜ್ ಊದಿದ. ತುಟಿ ಒಣಗುವವರೆಗೂ ಊದಿದ. ಡೇನರ ಮೊದಲನೆಯ ಗುಂಡು ಹಿಂಬದಿಯ ಕಿಟಕಿಯ ಗಾಜು ಒಡೆದು ಒಳಗೆ ಬಂದು, ಹಡಗಿನ ಉದ್ದಕ್ಕೂ ಹಾದು ಮೂವರನ್ನು ಕೆಡವಿತು.

ಮೂವತ್ತು ಜನ ಹುಟ್ಟು ಹಾಕಿ ಹಡಗನ್ನು ತಿರುಗಿಸಲು ಹೆಣಗಿದರು. ದೋಣಿಗಳು ಬಟಾಣಿಯಂತೆಯೇ ಉರುಳಿ ಮತ್ತೆ ಹಿಂದಕ್ಕೆ ಬಂದವು. ಉಳಿದವರು ಹಗ್ಗ ಕಟ್ಟಿ ಉದ್ದ ಫಿರಂಗಿಯನ್ನು ಮೂತಿಯಿಂದ ಎಳೆದು ತಂದರು. ಬೀರು ಸರಿಸಿದಾಗ ಆಶ್‌ಕೋಂಬ್ ಆ ಬಳೆಗಳನ್ನು ನೋಡಿದ.

"ಇವು ಯಾವಾಗ ಬಂದ್ವು, ಹಾಕಿನ್?"

"ಮೊದ್ಲಿಂದ್ಲೂ ಇದ್ವು ಅನ್ಸತ್ತೆ ಸರ್."

ಲೆಫ್ಟಿನೆಂಟ್ ಒಂದು ಕ್ಷಣ ಅವನ ಮುಖ ನೋಡಿದ. "ಹೌದು. ಇದ್ದಿರಬೇಕು."

ಫಿರಂಗಿಗೆ ಮದ್ದಿನ ಚೀಲ ಹೊತ್ತು ಬಂದ ಕೆಜಿಯಾಳಿಗೆ ಡಿಗೋರಿ ಹೇಳಿದ: "ಇವರನ್ನ ನಾನು ತಡೀತೀನಿ ಕಿಜ್ಜಿ. ಗಾಳಿ ಬಂದ್ರೆ ಸಾಕು. ನೀನು ನಿಮ್ಮಪ್ಪನ ದೇವರಿಗೆ ಹೇಳು." ಅವನು ಹಾರಿಸಿದ ಮೊದಲ ಗುಂಡು ನೀರಿಗೆ ಬಿತ್ತು. ಎರಡನೆಯದು ಒಂದು ದೋಣಿಯ ಹುಟ್ಟುಗಳನ್ನು ಸೌದೆ ಮಾಡಿತು. ದೋಣಿಗಳು ಸ್ವಲ್ಪ ಹಿಂದೆ ಸರಿದವು.

ಕೆಜಿಯಾ ಏಣಿಯ ಬುಡದಲ್ಲಿ ಇನ್ನೊಂದು ಚೀಲಕ್ಕಾಗಿ ಕಾಯುತ್ತಾ ಪ್ರಾರ್ಥಿಸುತ್ತಿದ್ದಳು. ಜೇಬೆಜ್ ಮೇಲಿನಿಂದ ಜಾರಿ ಬಂದು ಅವಳೆದುರು ನಿಂತ. ಅವನ ಮುಖದ ಮೇಲಿದ್ದ ರಕ್ತ ಅವನದಲ್ಲ.

"ಕೆಜಿಯಾ, ಒಂದು ಸಿಳ್ಳೆ ಹಾಕು."

"ಏನಂದೆ?"

"ನಾಟಕ ಆಡ್ಬೇಡ. ಅವತ್ತು ಕಟ್ಟೆ ಮೇಲೆ ಹಾಕಿದ್ಯಲ್ಲ. ನಾನೂ ಅಲ್ಲೇ ಇದ್ದೆ. ನನ್ನದಕ್ಕೆ ಬರ್ತಿಲ್ಲ, ಹೆಂಗಸಿನದಕ್ಕೆ ಬರತ್ತೆ."

"ನಾನು ಪ್ರಾರ್ಥನೆ ಮಾಡ್ತಿದೀನಿ ಜೇಬೆಜ್."

"ಮಾಡು ತಾಯಿ, ಬೇಡ ಅಂದೋರ್ಯಾರು? ಅದರ ಜೊತೆ ಒಂದೇ ಒಂದು ಸಿಳ್ಳೆ. ದೇವರಿಗೆ ನಾನು ಉತ್ತರ ಹೇಳ್ಕೋತೀನಿ. ನಿನ್ನ ಕಾಲು ಹಿಡೀತೀನಿ."

ಅವಳು ಎರಡು ಬೆರಳು ತುಟಿಯವರೆಗೆ ಎತ್ತಿದಳು. ಮದ್ದಿನ ಕಹಿ ನಾಲಗೆಗೆ ತಾಗಿತು. ಅಪ್ಪನ ಮೇಣದ ವಾಸನೆಯ ಕೈ ನೆನಪಾಯಿತು, ಬಾವಿಯ ಹತ್ತಿರ ಒಬ್ಬಳೇ ನಿಂತಿದ್ದ ಅಮ್ಮ ನೆನಪಾದಳು. ಬೆರಳು ಕೆಳಗಿಳಿಸಿದಳು.

"ಆಗಲ್ಲ. ಕೇಳಬೇಡ."

ಜೇಬೆಜ್ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಮೇಲೆ ಮೂರನೆಯ ಸಲ ಫಿರಂಗಿ ಹಾರಿತು. ಆ ಸದ್ದಿನ ಬೆನ್ನಿಗೇ ಮರ ಸೀಳಿದ ಇನ್ನೊಂದು ಸದ್ದು. ನಾಲ್ಕು ಸಲ ತಡೆಯಬೇಕಿದ್ದ ಬಳೆ ಮೂರಕ್ಕೇ ಕಿತ್ತು ಬಂದಿತ್ತು. ಹಿಂದಕ್ಕೆ ಒದೆಯುವ ಫಿರಂಗಿಯನ್ನು ಹಿಡಿಯಲು ಹಗ್ಗವಿಲ್ಲದೆ, ಅದರ ಇಡೀ ಭಾರ ಡಿಗೋರಿಯ ಮೇಲೆ ಹಾದುಹೋಗಿತ್ತು.

ಕೆಜಿಯಾ ಬಂದಾಗ ಅವನಿಗೆ ಇನ್ನೂ ಎಚ್ಚರವಿತ್ತು. ಎದೆಯ ಕೆಳಗೆ ನೋಡುವಂತಿರಲಿಲ್ಲ.

"ಗಾಳಿ?" ಎಂದ.

ಅವಳು ಬೆರಳು ಒದ್ದೆ ಮಾಡಿ ಒಡೆದ ಕಿಟಕಿಯ ಹೊರಗೆ ಹಿಡಿದಳು. ಬೆರಳು ಎಲ್ಲ ಮಗ್ಗುಲಲ್ಲೂ ಒಂದೇ ಸಮ ಬೆಚ್ಚಗಿತ್ತು.

"ಬಂತು ಡಿಗೋರಿ. ಗಾಳಿ ಇದೆ."

ಅವನು ಒಳ್ಳೆಯದಾಯಿತು ಎನ್ನುವಂತೆ ಕಣ್ಣು ಮುಚ್ಚಿದ.

ಸ್ವಲ್ಪ ಹೊತ್ತಿಗೆ ಆಶ್‌ಕೋಂಬ್ ಶರಣಾಗಿ ಬಾವುಟ ಇಳಿಸಿದ. ಬೇರೆ ದಾರಿಯಿರಲಿಲ್ಲ. ಡೇನರು ಹಡಗು ಹತ್ತಿ, ಗಾಯಾಳುಗಳಿಗೆ ನೀರು ಕೊಟ್ಟು, ಕತ್ತಿಗಳನ್ನು ಗುಡ್ಡೆ ಹಾಕುತ್ತಿದ್ದಾಗ ಕೆಜಿಯಾಳ ಕೆನ್ನೆಯ ಮೇಲೆ ಕೂದಲೊಂದು ಅಲುಗಾಡಿತು. ಬಾವುಟ ಇಳಿದು ಅರ್ಧ ಗಂಟೆಯೂ ಆಗಿರಲಿಲ್ಲ. ಪಶ್ಚಿಮದಿಂದ ತಂಪಾದ, ಹದವಾದ, ಯಾವ ನಾವಿಕನೂ ಬೇಡಿಕೊಳ್ಳುವಂಥ ಗಾಳಿ. ಗುಳುಮುಳುಕದ ಹಾಯಿಗಳೆಲ್ಲ ಒಟ್ಟಿಗೆ ತುಂಬಿಕೊಂಡವು. ಮೂರು ವರ್ಷದಲ್ಲಿ ಅದು ಅಷ್ಟು ಚೆನ್ನಾಗಿ ಓಡಿದ್ದೇ ಇಲ್ಲ, ಶತ್ರುವಿನ ಬಂದರಿಗೆ ಓಡಿದ ಹಾಗೆ. ಕೈ ಕಟ್ಟಿಸಿಕೊಂಡು ಕುಳಿತಿದ್ದ ಜೇಬೆಜ್ ಅವಳನ್ನು ಒಮ್ಮೆ ನೋಡಿ ಮುಖ ತಿರುಗಿಸಿದ.

ಡಿಗೋರಿಯನ್ನು ಮೀನುಗಾರರ ಒಂದು ಸಣ್ಣ ಊರಿನ ಚರ್ಚಿನ ಅಂಗಳದಲ್ಲಿ, ಕಡಲ ಕಡೆಯ ಗೋಡೆಯ ಪಕ್ಕ ಹೂಳಿದರು. ಗಂಡಸರನ್ನು ಸೆರೆಗೆ ನಡೆಸಿಕೊಂಡು ಹೋದರು. ಪಟ್ಟಿಯಲ್ಲಿ ಹೆಸರಿಲ್ಲದ್ದರಿಂದ ಕೆಜಿಯಾ ಸೆರೆಯಾಳೂ ಅಲ್ಲ. ಆ ಊರಿನ ಒಬ್ಬಾಕೆ, ಇವಳ ಭಾಷೆ ಬಾರದವಳು, ತನ್ನ ಕಪ್ಪು ಶಾಲು ಹೊದಿಸಿ ಜವೆಗೋಧಿಯ ಗಂಜಿ ಮುಂದಿಟ್ಟಳು. ಕೆಜಿಯಾ ಅವಳ ಮನೆಯಲ್ಲಿ ಏಳು ವಾರವಿದ್ದು, ದಿನವೂ ಆ ಗೋಡೆಯ ಬಳಿ ಕುಳಿತಿದ್ದು, ಕೊನೆಗೆ ಮರ ಸಾಗಿಸುವ ಸ್ವೀಡನ್ನಿನ ಒಂದು ಹಡಗಿನಲ್ಲಿ ಊರಿಗೆ ಬಂದಳು.

ಪ್ರಾರ್ಥನಾಮಂದಿರಕ್ಕೆ ಹೋಗುವುದನ್ನು ಬಿಡಲಿಲ್ಲ. ಎಲ್ಲರಿಗಾಗಿ ಬೇಡಿಕೊಂಡಳು, ಗಾಳಿಯನ್ನು ಮಾತ್ರ ಮತ್ತೆಂದೂ ಬೇಡಲಿಲ್ಲ. ಸಿಳ್ಳೆ ಹಾಕಿದ್ದರೆ ಏನಾಗುತ್ತಿತ್ತು ಎಂದು ಯಾರನ್ನೂ ಕೇಳಲಿಲ್ಲ. ಕೇಳಬಹುದಾಗಿದ್ದ ಅಪ್ಪ ಅವಳು ಹಿಂದಿರುಗುವ ಮುಂಚೆಯೇ ತೀರಿಕೊಂಡಿದ್ದ. ಉಪ್ಪಿನ ಸಾಲು ಹಾಕುತ್ತಾ ಕೆಲವು ಸಲ ತಟ್ಟನೆ ಕೈ ನಿಲ್ಲಿಸುತ್ತಿದ್ದಳು. ಪಕ್ಕದವರು, "ಏನಕ್ಕಾ?" ಎಂದರೆ, "ಏನಿಲ್ಲ. ಆ ಗೋಡೆ ಪಕ್ಕ ಹುಲ್ಲು ಕೀಳೋರು ಯಾರಿದಾರೋ" ಎನ್ನುತ್ತಿದ್ದಳು. ಬದುಕಿನಲ್ಲಿ ಅವಳಿಗಿದ್ದ ಆಸೆ ಅದೊಂದೇ: ಇನ್ನೊಂದು ಸಲ ಅಲ್ಲಿಗೆ ಹೋಗಿ, ಆ ಹುಲ್ಲು ಕಿತ್ತು, ಗಾಳಿ ಬಂದಿರಲಿಲ್ಲ ಎಂಬ ನಿಜವನ್ನು ಅವನಿಗೆ ಹೇಳಿ ಬರುವುದು.

ಹನ್ನೊಂದು ವರ್ಷದ ಮೇಲೆ, ಯುದ್ಧವೆಲ್ಲ ಮುಗಿದು ಜನ ಅದನ್ನು ಮರೆಯತೊಡಗಿದ್ದ ಕಾಲದಲ್ಲಿ, ಪಿಂಗಾಣಿ ಮಾಡುವ ಬಿಳಿ ಮಣ್ಣು ತುಂಬಲು ಮುದಿ ಹಡಗೊಂದು ಹೊಳೆಗೆ ಬಂತು. ಹೆಸರು ಬೇರೆ, ಬಣ್ಣ ಬೇರೆ. ಅದರ ಯಜಮಾನ ಕೋಲೂರಿಕೊಂಡು ಕೆಜಿಯಾಳ ಮೆಟ್ಟಿಲು ಹತ್ತಿ ಬಂದ. ತಲೆ ಪೂರ್ತಿ ಬಿಳಿಯಾಗಿತ್ತು. ಸೆರೆಯಲ್ಲಿ ಕಳೆದ ವರ್ಷಗಳು ಬೆನ್ನು ಬಗ್ಗಿಸಿದ್ದವು. ದನಿಯಿಂದ ಗುರುತು ಹಿಡಿದಳು.

"ಜೇಬೆಜ್! ಇನ್ನೂ ಇದೀಯೇನೋ?"

"ಮುಳುಗೋ ಹಕ್ಕಿ ಸಾಯಲ್ಲ ಫಿರಂಗಿಯಮ್ಮ. ಬಾ, ಒಂದು ತೋರಿಸ್ಬೇಕು."

ಅವನು ಅವಳನ್ನು ಹಡಗಿನ ಹಿಂದಿನ ಕೋಣೆಗೆ ಕರೆದುಕೊಂಡು ಹೋದ. ಕಿಟಕಿಯ ಕೆಳಗಿನ ಹಲಗೆಯಲ್ಲಿ, ಅಂದು ಬಳೆ ಕಿತ್ತುಬಂದಿದ್ದ ಕಡೆ, ಮುಷ್ಟಿಯಷ್ಟು ಅಗಲದ ಓಕ್ ಮರದ ತೇಪೆ. ಅದರಿಂದ ಒಂದು ಮೊಳ ಆಚೆಗೆ, ತುಕ್ಕು ಹಿಡಿದು ಅಲ್ಲಾಡದೆ ನಿಂತ ಕಬ್ಬಿಣದ ಬಳೆ. ಕೆಜಿಯಾ ತೇಪೆಯ ಮೇಲೆ ತೋರುಬೆರಳಿಟ್ಟಳು.

"ಡೇನರು ಮಾರಿದ್ರು, ಅವರಿಂದ ಇವರು, ಇವರಿಂದ ಅವರು. ಕೊನೆಗೆ ನನ್ನ ಪಾಲಿಗೇ ಬಂತು ನೋಡು" ಎಂದ ಜೇಬೆಜ್. ಆಮೇಲೆ ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತಾ ನಿಂತ. "ಕೆಜಿಯಾ, ಅವತ್ತು ನಾನು ನಿನ್ನ ನೋಡಿದ ನೋಟ ಇದ್ಯಲ್ಲ, ಸೆರೇಲಿದ್ದ ಅಷ್ಟೂ ವರ್ಷ ಅದೇ ಚುಚ್ತಿತ್ತು. ಈ ಮಣ್ಣು ಹೋಗೋದು ಡೇನರ ದೇಶಕ್ಕೇ. ಆ ಊರಿನ ಮುಂದೆಯೇ ದಾರಿ. ನೀನು ಬಾ. ಈ ಕೋಣೆ ನಿನಗೆ ಬಿಟ್ಕೊಡ್ತೀನಿ. ಅಲ್ಲಿ ಲಂಗರು ಹಾಕಿ, ಎಷ್ಟು ದಿನ ಕೂರ್ತೀಯೋ ಅಷ್ಟು ದಿನ ಕಾಯ್ತೀನಿ."

ಅವಳ ಕಣ್ಣು ತುಂಬಿ ಬಂತು. ಯಾವ ಬಟ್ಟೆ ಕಟ್ಟಿಕೊಳ್ಳಬೇಕು, ಬೀಗದ ಕೈ ಯಾರಿಗೆ ಕೊಡಬೇಕು ಎಂಬುದೆಲ್ಲ ಒಂದೇ ಉಸಿರಿನಲ್ಲಿ ಮನಸ್ಸಿನಲ್ಲಿ ಹಾದುಹೋಯಿತು. ಕಿಟಕಿಯಾಚೆ ಹೊಳೆಯ ನೀರು ಕನ್ನಡಿಯಂತೆ ಬಿದ್ದುಕೊಂಡಿತ್ತು.

"ದಾರೀಲಿ ಗಾಳಿ ನಿಂತ್ರೆ?" ಎಂದಳು.

"ನಿಂತ್ರೆ ನಿಲ್ಲತ್ತೆ. ಈಗೇನು ಯುದ್ಧಾನಾ? ಕೂತ್ಕೊಂಡು ಚಹಾ ಕುಡಿಯೋಣ."

"ನನಗೆ ಕೂರೋಕಾಗಲ್ಲ. ಇದೇ ಹಡಗು, ಅದೇ ನೀರು. ಈ ಸಲ ನಾನು ಸಿಳ್ಳೆ ಹಾಕ್ಬಿಡ್ತೀನಿ ಜೇಬೆಜ್. ನನಗೆ ಗೊತ್ತು, ಹಾಕೇ ಹಾಕ್ತೀನಿ."

"ಹಾಕು, ಅದಕ್ಕೇನಂತೆ?"

"ಗಾಳಿ ಬಂದ್ಬಿಟ್ರೆ? ಅವತ್ತೂ ಬರ್ತಿತ್ತು ಅಂತಾಗಲ್ವಾ?"

ಜೇಬೆಜ್ ಟೋಪಿಯನ್ನು ಮತ್ತೆ ತಲೆಗಿಟ್ಟುಕೊಂಡ.

ಕೆಜಿಯಾ ತೇಪೆಯ ಮೇಲಿಂದ ಬೆರಳು ತೆಗೆದು, ಶಾಲು ಸರಿಮಾಡಿಕೊಂಡಳು. "ನಿನ್ನ ಋಣ ದೊಡ್ಡದಪ್ಪ. ಆದ್ರೆ ನಾನು ಬರಲ್ಲ. ನೀನು ಹೋಗು, ಉಬ್ಬರ ಇಳಿಯೋ ಹೊತ್ತಾಯ್ತು."